ಬ್ಯಾರನ್ನಿನಲ್ಲಿ ಬೆಂದ ಪಿಯಾನೊ

ಹೋದ ತಿಂಗಳು ಮಡಿಕೇರಿಯ ಒಂದು ಕಾರ್ಯಕ್ರಮಕ್ಕೆ ಹೋಗುವಾಗ ಬಸ್ಸು ಹುಣಸೂರಿನಲ್ಲಿ ಸ್ವಲ್ಪ ಹೊತ್ತು ನಿಂತಿತು. ಮಳೆ ಹನಿಯುತ್ತಿತ್ತು. ಕಿಟಕಿಯ ಟಾರ್ಪಾಲಿನ್ ಪರದೆ ಇಳಿಬಿಟ್ಟಿದ್ದರೂ ವಾಸನೆ ಒಳಗೆ ಬಂತು. ಹೊಗೆಸೊಪ್ಪು ಬೇಯುವ ವಾಸನೆ. ಮೊದಲು ಬೆಲ್ಲದ ಪಾಕದಂತೆ, ಆಮೇಲೆ ಒಣಹುಲ್ಲಿನಂತೆ, ಕೊನೆಗೆ ಗಂಟಲಿನಲ್ಲಿ ಕೂರುವ ಸಣ್ಣ ಖಾರ. ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದುಕೊಂಡು, "ಈ ಊರಲ್ಲಿ ಜನ ಹೆಂಗಿರ್ತಾರೋ," ಎಂದರು. ನಾನೂ ಒಮ್ಮೆ ಇದೇ ಊರಲ್ಲಿ ಇದ್ದೆ ಎಂದು ಹೇಳಲಿಲ್ಲ. ನನ್ನ ಕೈಗಳನ್ನು ನೋಡಿಕೊಂಡೆ. ಎರಡೂ ಮುಷ್ಟಿ ಕಟ್ಟಿದ್ದವು.

ಅದಕ್ಕೆ ಕೆಲವು ದಿನ ಮೊದಲು ಮೈಸೂರಿನಲ್ಲಿ ನುಡಿಸಿದ್ದೆ. ಪಿಯಾನೊ ನುಡಿಸುವುದು, ಅದಕ್ಕಾಗಿ ಸಂಗೀತ ಬರೆಯುವುದು ನನ್ನ ಕೆಲಸ. ಆ ಸಂಜೆ ಪರಿಚಯ ಮಾಡಿಕೊಟ್ಟವರು ನನ್ನ ಸಂಗೀತದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಇವರ ಪಿಯಾನೊವನ್ನು ಹುಣಸೂರಿನ ಗೌಡರು ಒಮ್ಮೆ ಹೊಗೆಸೊಪ್ಪಿನ ಹಾಗೆ ಬೇಯಿಸಿಬಿಟ್ಟಿದ್ದರಂತೆ," ಎಂದರು. ಸಭೆ ನಕ್ಕಿತು. "ಪಾಪ, ಮುಗ್ಧರು, ಒಳ್ಳೆಯದಕ್ಕೇ ಮಾಡಿದ್ದು. ಅಣ್ಣನ ಪ್ರೋತ್ಸಾಹದಿಂದ ಇವರು ಆ ಕಷ್ಟವನ್ನೂ ದಾಟಿ ಬಂದರು," ಎಂದರು. ಸಭೆ ಚಪ್ಪಾಳೆ ತಟ್ಟಿತು. ಅವರಿಗೆ ಈ ಕಥೆ ಹೇಳಿದ್ದ ನನ್ನ ಅಣ್ಣ ಮೊದಲ ಸಾಲಿನಲ್ಲಿ ಕೂತು ತಲೆ ತಗ್ಗಿಸಿ ವಿನಯದಿಂದ ನಗುತ್ತಿದ್ದ.

ಏಳೆಂಟು ವರ್ಷಗಳಿಂದ ಈ ಕಥೆ ಹೀಗೇ ತಿರುಗುತ್ತಿದೆ. ನಾನು ಒಮ್ಮೆಯೂ ತಿದ್ದಿಲ್ಲ. ಮನೆಯ ಮಾತನ್ನು ಹೊರಗೆ ಆಡಿ ಅಭ್ಯಾಸವಿಲ್ಲ. ಈಗ ಬರೆಯುತ್ತಿದ್ದೇನೆ, ಸಿಟ್ಟಿನಿಂದಲೇ.

ನಾನು ಹುಣಸೂರಿಗೆ ಹೋದದ್ದು ಇಂಗ್ಲಿಷ್ ಎಂ.ಎ. ಮುಗಿದ ವರ್ಷ. ಅಲ್ಲಿ ಹೊಸದಾಗಿ ಶುರುವಾಗಿದ್ದ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಅಣ್ಣ ರಂಗನಾಥ ಅದೇ ಊರಿನಲ್ಲಿ ಸರ್ಕಾರಿ ಕಟ್ಟಡಗಳ ಎಂಜಿನಿಯರ್. ಅಪ್ಪ ಅಮ್ಮ ತೀರಿಕೊಂಡ ಮೇಲೆ ನಾನು ಅವನ ಜವಾಬ್ದಾರಿ. ಹಾಗೆಂದು ಅವನೇ ಎಲ್ಲರೆದುರು ಹೇಳುತ್ತಿದ್ದ, ನಾನು ಅಲ್ಲೇ ಕಾಫಿ ಕೊಡುತ್ತ ನಿಂತಿದ್ದಾಗಲೂ. ಸ್ವಭಾವತಃ ಕೆಟ್ಟವನಲ್ಲ. ಯಾರ ಮೇಲೂ ದನಿ ಏರಿಸುತ್ತಿರಲಿಲ್ಲ. ದನಿ ಏರಿಸದೆಯೇ ಅವನ ಎಲ್ಲ ಕೆಲಸಗಳೂ ಆಗುತ್ತಿದ್ದವು.

ಪಿಯಾನೊ ನನ್ನದು. ಮೈಸೂರಿನಲ್ಲಿ ನನಗೆ ಎಂಟನೆಯ ವಯಸ್ಸಿನಿಂದ ಕಲಿಸಿದ ಮಿಸ್ ಎಡ್ನಾ ಆಸ್ಟ್ರೇಲಿಯಾದಲ್ಲಿದ್ದ ತಂಗಿಯ ಬಳಿಗೆ ಹೋಗುವಾಗ ತಮ್ಮದನ್ನು ನನಗೆ ಕೊಟ್ಟುಹೋಗಿದ್ದರು. ಗೋಡೆಗೆ ಒರಗಿಸಿ ನಿಲ್ಲಿಸುವ ಬಗೆಯದು, ಕಡುಗಂದು ಬಣ್ಣದ್ದು. ನನ್ನಮ್ಮನಿಗಿಂತ ಹಿರಿಯದು. "ಇದನ್ನು ಯಾರಿಗೂ ಕೇಳಿ ನುಡಿಸಬೇಡ," ಎಂದು ಅವರು ಹೇಳಿದ್ದರು. ಅಪ್ಪಣೆ ಕೇಳಿ ನುಡಿಸಬೇಡ ಎಂದು ಅವರ ಅರ್ಥ. ಅವರ ಕನ್ನಡ ಅಷ್ಟೇ ಇತ್ತು. ಆದರೆ ನನಗೆ ಸಂಗೀತದ ವಿಷಯದಲ್ಲಿ ಅವರಷ್ಟು ಸ್ಪಷ್ಟವಾಗಿ ಯಾರೂ ಏನನ್ನೂ ಹೇಳಿಲ್ಲ.

ಮರದ ಡಿಪೋಗೆ ಖಾಲಿ ಹೋಗುತ್ತಿದ್ದ ಲಾರಿಯಲ್ಲಿ ಅದು ಹುಣಸೂರಿಗೆ ಬಂತು. ನಮ್ಮದು ಊರಾಚೆ ಪಿರಿಯಾಪಟ್ಟಣದ ರಸ್ತೆಯಲ್ಲಿ, ಸಿದ್ದೇಗೌಡರ ತೋಟದೊಳಗಿನ ಬಾಡಿಗೆ ಮನೆ. ಗೌಡರು ಹೊಗೆಸೊಪ್ಪು ಬೆಳೆಯುತ್ತಿದ್ದರು. ಮನೆಯ ಹಿಂದೆಯೇ ಅವರ ಬ್ಯಾರನ್ನು. ಎತ್ತರದ ಮಣ್ಣಿನ ಗೋಡೆಯ ಕೋಣೆ ಅದು. ಒಳಗೆ ಸಾಲುಸಾಲಾಗಿ ಗಳ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ನೆಲದ ಮೇಲೆ ಹಾಯಿಸಿದ ತಗಡಿನ ಕೊಳವೆಗಳು ಕಾದು, ಗಳಕ್ಕೆ ನೇತುಹಾಕಿದ ಹಸಿ ಸೊಪ್ಪು ಹಳದಿಯಾಗಿ ಒಣಗುತ್ತದೆ. ಬ್ಯಾರನ್ನಿನ ಆಳುಗಳೇ ಪಿಯಾನೊ ಇಳಿಸಿದರು. ಇಳಿಸುವಾಗ ಒಳಗಿನ ತಂತಿಗಳೆಲ್ಲ ಒಟ್ಟಿಗೆ ಗುಂಯ್ ಎಂದವು.

"ಬೀರು ಅಂದ್ಕಂಡಿದ್ದೆ," ಎಂದರು ಸಿದ್ದೇಗೌಡರು. "ಇದೇನ್ಲಾ ನಂಜ, ಒಳಗೆ ಯಾರೋ ಅವ್ರಲ್ಲಾ."

"ಇದ್ರೆ ಇರ್ಲಿ ಬುಡಿ ಗೌಡ್ರೆ," ಎಂದ ಬ್ಯಾರನ್ನಿನ ಬೆಂಕಿ ನೋಡಿಕೊಳ್ಳುವ ನಂಜಯ್ಯ, ಹೆಗಲು ಕೊಟ್ಟುಕೊಂಡೇ. "ಇಳ್ದು ಅವ್ರೂ ಒಂದು ಕೈ ಹಾಕ್ಲಿ."

ಗೌಡರ ತಾಯಿ ತಾಯಮ್ಮ ಸಂಜೆ ಸೊಪ್ಪು ಕಟ್ಟುವ ಹೆಂಗಸರ ಜೊತೆ ನಮ್ಮ ಜಗಲಿಯಲ್ಲೇ ಕೂರುತ್ತಿದ್ದರು. ನಾನು ಒಳಗೆ ನುಡಿಸುತ್ತಿದ್ದೆ. ಊರಿನ ಉಳಿದವರೆಲ್ಲ ಇದು ಯಾವ ರಾಗ, ಯಾವ ಸಿನಿಮಾದ್ದು ಎಂದು ಕೇಳುತ್ತಿದ್ದರು. ತಾಯಮ್ಮ ಕೇಳಲಿಲ್ಲ. ಒಂದು ದಿನ ಮಾತ್ರ, "ಆ ತಗ್ಗಿನ ದನಿ ಬತ್ತದಲ್ಲ, ಸತ್ತೋರ ಮನೆ ಗಡಿಯಾರ ಹೊಡ್ದಂಗದೆ ಕಣವ್ವ," ಎಂದರು.

"ಬೇಡವಾದರೆ ಬಾಗಿಲು ಹಾಕಿಕೊಂಡು ನುಡಿಸ್ತೀನಿ," ಎಂದೆ.

"ಬ್ಯಾಡ ಅಂದ್ನಾ? ಗಡಿಯಾರ ಅಂದೆ ಅಷ್ಟೇಯ. ಬಾರ್ಸು."

ಆ ತಗ್ಗಿನ ದನಿ ನಾನೇ ಬರೆಯುತ್ತಿದ್ದ ಕೃತಿಯದು. ಇಪ್ಪತ್ತು ನಿಮಿಷದ್ದು, ನಾಲ್ಕು ಭಾಗ. ಮೂರನೆಯ ಭಾಗದಲ್ಲಿ ಎಡಗೈಯ ಒಂದೇ ಕೆಳಸ್ವರ ಉದ್ದಕ್ಕೂ ಬರುತ್ತದೆ, ಇದೆಯೋ ಇಲ್ಲವೋ ಎನ್ನುವಷ್ಟು ಮೆತ್ತಗೆ. ಅದರ ಮೇಲೆ ಬಲಗೈ ನಿಧಾನವಾಗಿ ನಡೆಯುತ್ತದೆ. ಇಡೀ ಕೃತಿ ನಿಂತಿರುವುದು ಆ ಸ್ವರದ ಮೆದುತನದ ಮೇಲೆ. ಲಂಡನ್ನಿನ ಸಂಗೀತ ಕಾಲೇಜೊಂದರ ಪರೀಕ್ಷಕರು ನವೆಂಬರಿನಲ್ಲಿ ಬೆಂಗಳೂರಿಗೆ ಬರುವವರಿದ್ದರು. ಅವರೆದುರು ನುಡಿಸಿದವರಲ್ಲಿ ಒಬ್ಬರಿಗೆ ಕಾಲೇಜಿನ ಖರ್ಚಿನಲ್ಲೇ ಅಲ್ಲಿ ಕಲಿಯುವ ಅವಕಾಶ. ನನ್ನನ್ನು ಕರೆದಿದ್ದರು, ಸ್ವಂತ ಕೃತಿಯನ್ನು ನುಡಿಸಲು ಒಪ್ಪಿದ್ದರು. ನನಗೆ ಅದಕ್ಕಿಂತ ಹೆಚ್ಚಿನದು ಯಾವುದೂ ಬೇಕಿರಲಿಲ್ಲ. ಈಗ ಬರೆಯುವಾಗಲೂ ಆ ಮಾತನ್ನು ಬದಲಿಸಬೇಕೆನಿಸುವುದಿಲ್ಲ.

ಅಣ್ಣನಿಗೆ ಹೇಳಿದಾಗ ಅವನು ಪತ್ರಿಕೆ ಮಡಿಸಿ ಇಟ್ಟ. "ಒಳ್ಳೆಯ ಹವ್ಯಾಸ ಕಣೇ ಸುಮಿ. ಬೇಡ ಅನ್ನಲ್ಲ. ಮದುವೆಯಾದ ಮೇಲೆ ಅವರು ಒಪ್ಪಿದರೆ ಲಂಡನ್ ಏನು, ಎಲ್ಲಿ ಬೇಕಾದರೂ ನುಡಿಸ್ಕೋ."

"ಪರೀಕ್ಷೆ ನವೆಂಬರಿನಲ್ಲಿ, ಅಣ್ಣ."

"ಆಗಲಿ, ನವೆಂಬರ್ ಬರಲಿ," ಎಂದ.

ಮಳೆ ಜೂನಿನಲ್ಲೇ ಹಿಡಿಯಿತು. ಆ ವರ್ಷ ಬಿಡುವೇ ಇರಲಿಲ್ಲ. ಗೋಡೆ ಮುಟ್ಟಿದರೆ ಕೈಗೆ ಸುಣ್ಣ ಬರುತ್ತಿತ್ತು. ಪುಸ್ತಕಗಳ ರಟ್ಟು ಸೊಟ್ಟಗಾಯಿತು. ಜುಲೈ ಹೊತ್ತಿಗೆ ಪಿಯಾನೊದ ಮನೆಗಳು, ಬೆರಳಿನಿಂದ ಒತ್ತುವ ಆ ಕಪ್ಪುಬಿಳಿ ಪಟ್ಟಿಗಳು, ತೇವಕ್ಕೆ ಉಬ್ಬಿ, ಒತ್ತಿದರೆ ಒತ್ತಿದಲ್ಲೇ ನಿಲ್ಲತೊಡಗಿದವು. ಇದಕ್ಕೆ ಮಿಸ್ ಎಡ್ನಾ ಹೇಳಿಕೊಟ್ಟ ಉಪಾಯ ನನಗೆ ಗೊತ್ತಿತ್ತು. ಕೆಳಗಿನ ಹಲಗೆ ತೆಗೆದು ಒಳಗೆ ಒಂದು ಸಣ್ಣ ಬಲ್ಬು ಉರಿಸಿಡುವುದು. ಹಗಲೂ ರಾತ್ರಿ. ಅಷ್ಟೇ ಶಾಖ, ಅದಕ್ಕಿಂತ ಹೆಚ್ಚು ಬೇಡ. ನಾನು ಹಾಗೆ ಮಾಡಿದೆ. ನಿಧಾನವಾಗಿ ಮನೆಗಳು ಒಂದೊಂದಾಗಿ ಏಳತೊಡಗಿದವು.

ಅಣ್ಣನಿಗೆ ಅದು ತಮಾಷೆ. "ಬಾಣಂತಿಗೆ ಕಾವು ಇಟ್ಟ ಹಾಗಿದೆಯಲ್ಲೇ," ಎಂದು ನಗುತ್ತಿದ್ದ. ಬಚ್ಚಲುಮನೆಯ ಬಲ್ಬು ಸುಟ್ಟಾಗ ಇದನ್ನೇ ಬಿಚ್ಚಿ ಅಲ್ಲಿಗೆ ಹಾಕುತ್ತಿದ್ದ. ನಾನು ಮತ್ತೆ ತಂದು ಹಾಕುತ್ತಿದ್ದೆ. ಒಂದು ಸಂಜೆ ಅವನನ್ನು ಕರೆದು ಪಿಯಾನೊದ ಹಿಂಬದಿಗೆ ಹೊದಿಸಿದ್ದ ಬಟ್ಟೆ ಸರಿಸಿ ತೋರಿಸಿದೆ.

"ಇಲ್ಲಿ ನೋಡು. ಈ ತೆಳು ಹಲಗೆ. ಸದ್ದು ಹುಟ್ಟುವುದು ತಂತಿಯಲ್ಲಿ, ತುಂಬಿ ಬರುವುದು ಇದರಿಂದ. ಇದಕ್ಕೆ ತೇವವೂ ಆಗದು, ಜೋರು ಬಿಸಿಯಂತೂ ಆಗಲೇ ಆಗದು. ಸೀಳಿಹೋಗುತ್ತದೆ. ಆಮೇಲೆ ಏನೂ ಮಾಡಕ್ಕಾಗಲ್ಲ."

ಅವನು ಬೆರಳಿನಿಂದ ಹಲಗೆಯನ್ನು ತಟ್ಟಿ ನೋಡಿದ. "ಮರದ ವಿಷಯ ನನಗೆ ಹೇಳಬೇಕೇನೇ," ಎಂದ. ನಿಜ. ಹೇಳಬೇಕಿರಲಿಲ್ಲ. ಶಾಲೆಯ ಬಾಗಿಲಿಗೆಂದು ಸರಿಯಾಗಿ ಹದಗೊಳ್ಳದ ಮರ ತಂದ ಗುತ್ತಿಗೆದಾರನನ್ನು ಅವನು ಲಾರಿ ಸಮೇತ ವಾಪಸು ಕಳಿಸಿದ್ದನ್ನು ನಾನೇ ನೋಡಿದ್ದೆ.

ಸೆಪ್ಟೆಂಬರಿನಲ್ಲಿ ಪೂರಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಮೈಸೂರಿಗೆ ಹೋಗಬೇಕಾಯಿತು. ಒಂದು ವಾರ. ಹೊರಡುವಾಗ ಬಲ್ಬು ಆರಿಸಬಾರದೆಂದು ಅತ್ತಿಗೆಗೆ ಹೇಳಿ ಹೋದೆ. ವಾಪಸು ಬಂದಾಗ ಹಜಾರದಲ್ಲಿ ಪಿಯಾನೊ ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ನೆಲ ಉಳಿದ ನೆಲಕ್ಕಿಂತ ಕೆಂಪಗಿತ್ತು. ಬಲ್ಬು ತನ್ನ ವೈರಿನ ಸಮೇತ ಕಿಟಕಿಯ ಮೇಲೆ ಸುತ್ತಿಟ್ಟಿತ್ತು.

ಅತ್ತಿಗೆ ವಿಮಲ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. "ಹಿಂದುಗಡೆ ಇದೆ," ಎಂದರು. "ಎಲ್ಲರೂ ನಿನಗೇ ಕಾಯ್ತಿದ್ದಾರೆ."

ಬ್ಯಾರನ್ನಿನ ಬಾಗಿಲು ತೆರೆದಿತ್ತು. ಮುಂದೆ ಸಿದ್ದೇಗೌಡರು, ನಂಜಯ್ಯ, ನಾಲ್ಕು ಜನ ಆಳುಗಳು, ಸ್ವಲ್ಪ ದೂರದಲ್ಲಿ ತಾಯಮ್ಮ. ಅಣ್ಣ ಕೊಡೆ ಹಿಡಿದು ನಿಂತಿದ್ದ. ಎಲ್ಲರ ಮುಖದಲ್ಲೂ ಮಗುವಿಗೆ ಹೊಸ ಬಟ್ಟೆ ತಂದವರ ಸಂಭ್ರಮ. ಒಳಗೆ, ತಗಡಿನ ಕೊಳವೆಗಳ ನಡುವೆ ಇಟ್ಟಿಗೆ ಜೋಡಿಸಿ ಅದರ ಮೇಲೆ ಪಿಯಾನೊ ನಿಲ್ಲಿಸಿದ್ದರು.

"ಬನ್ನಿ ಮೇಡಮ್ಮೋರೆ," ಎಂದರು ಗೌಡರು. "ಈಗ ಒತ್ತಿ. ಒಂದಾದ್ರೂ ಅಂಟ್ಕಂಡ್ರೆ ನನ್ನ ಕೇಳಿ."

ಒತ್ತಿದೆ. ಅಂಟಿಕೊಳ್ಳಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಒಂದೂ ಅಂಟಿಕೊಳ್ಳಲಿಲ್ಲ. ಎಲ್ಲವೂ ಸರಾಗವಾಗಿ ಕೆಳಗಿಳಿದು ಮೇಲೆದ್ದವು. ಸ್ವರ ಮಾತ್ರ ಇರಲಿಲ್ಲ. ತಗಡಿನ ಡಬ್ಬದಲ್ಲಿ ಮೊಳೆ ಅಲ್ಲಾಡಿಸಿದಂಥ ಸದ್ದು, ಅದರ ಹಿಂದೆ ಸಡಿಲಾದ ತಂತಿಗಳ ಗೊಗ್ಗರು ದನಿ. ನನ್ನ ಕೆಳಸ್ವರ ಒತ್ತಿದೆ. ಕೆಮ್ಮಿದಂತೆ ಕೇಳಿಸಿತು.

"ಹೆಂಗೆ ಮಾಡಿದಿರಿ?" ಎಂದು ಕೇಳಿದೆ.

ನಂಜಯ್ಯ ಮುಂದೆ ಬಂದ. "ಸೊಪ್ಪು ಇಳ್ಸಿದ ಮ್ಯಾಲೆ ಬ್ಯಾರನ್ನು ಇನ್ನೂ ಬಿಸಿ ಇತ್ತು ಕಣ್ರವ್ವ. ಅದ್ರಲ್ಲೇ ಇಟ್ಟು ವಸಿ ಬೆಂಕಿ ಕೊಟ್ಟೋ. ಜೋರಿಲ್ಲ. ಎರಡ್ನೇ ದಿನ ಬೆಳಗಾನ ಒಳಗಿಂದ ಫಟ್ ಅಂತು. ಸೊಪ್ಪಿನ ನರ ಮುರ್ದಂಗೇಯ. ಸರಿ, ಒಣಗ್ತು ಅಂತ ಬೆಂಕಿ ಎಳ್ದೆ."

ಬ್ಯಾರನ್ನಿನಲ್ಲಿ ಎಲೆ ಮೊದಲು ಒಣಗುತ್ತದೆ, ಅದರ ನಡುವಿನ ದಪ್ಪ ನರ ಕೊನೆಗೆ. ನರವನ್ನು ಬಗ್ಗಿಸಿದಾಗ ಫಟ್ಟೆಂದು ಮುರಿದರೆ ಕೆಲಸ ಮುಗಿಯಿತೆಂದು ಗುರುತು. ಆ ಸದ್ದಿಗಾಗಿ ಅವರು ಹಗಲೂ ರಾತ್ರಿ ಕಾಯುತ್ತಾರೆ. ಆ ಸದ್ದು ಬಂದರೆ ಸಂತೋಷಪಡುತ್ತಾರೆ. ನನ್ನ ಪಿಯಾನೊದ ಹಲಗೆ ಸೀಳಿದಾಗ ಅವರು ಸಂತೋಷಪಟ್ಟಿದ್ದರು.

"ಆಮ್ಯಾಲೆ ರಾತ್ರಿಯೆಲ್ಲ ಬಾಗ್ಲು ತೆಗ್ದು ಬುಟ್ಟಿದ್ದೋ, ತಂಪುಗಾಳಿ ಆಡ್ಲಿ ಅಂತ," ಎಂದರು ಗೌಡರು. ಒಣಗಿದ ಸೊಪ್ಪು ಮುಟ್ಟಿದರೆ ಪುಡಿಯಾಗುತ್ತದೆಂದು ಹಾಗೆ ತೇವದ ಗಾಳಿಗೆ ಬಿಟ್ಟು ಮೆತ್ತಗೆ ಮಾಡಿಕೊಳ್ಳುತ್ತಾರೆ. ಮೊದಲು ಬೆಂಕಿ, ಆಮೇಲೆ ಮಳೆಗಾಳಿ. ಸೊಪ್ಪಿಗೆ ಏನೇನು ಬೇಕೋ ಅದೆಲ್ಲವನ್ನೂ ಒಂದೂ ಬಿಡದೆ ಮಾಡಿದ್ದರು.

ಹಿಂದಿನ ಬಟ್ಟೆ ಸರಿಸಿದೆ. ಸೀಳು ಮೇಲಿನಿಂದ ಕೆಳಕ್ಕೆ ಹೋಗಿತ್ತು. ಕಿರುಬೆರಳು ಅದರೊಳಗೆ ತೂರುತ್ತಿತ್ತು. ಹಿಂತಿರುಗಿ ನೋಡಿದೆ. ಅಷ್ಟೂ ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. "ತುಂಬಾ ಶ್ರಮಪಟ್ಟಿದ್ದೀರಿ," ಎಂದೆ.

"ನಮ್ಮ ಸುಮಿಗೆ ಸಂತೋಷಕ್ಕೆ ಮಾತೇ ಹೊರಡ್ತಿಲ್ಲ," ಎಂದ ಅಣ್ಣ.

ಊಟಕ್ಕೆ ಕೂತಾಗ ಹಲಗೆ ಸೀಳಿರುವುದನ್ನು ಅಣ್ಣನಿಗೆ ಹೇಳಿದೆ. "ಛೇ," ಎಂದ. ಹುಳಿಯನ್ನ ಕಲಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ಪಾಪ, ಅವರಿಗೇನು ಗೊತ್ತು? ಒಳ್ಳೆಯದಕ್ಕೇ ಮಾಡಿದ್ದು. ಗೌಡರ ಮೇಲೆ ರೇಗಬೇಡ, ನೊಂದುಕೊಳ್ತಾರೆ."

ಒಳ್ಳೆಯದಕ್ಕೇ. ಆ ತಿಂಗಳು ಆ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ. ನನ್ನದೊಂದು ವಸ್ತುವನ್ನು ಹಾಳುಮಾಡಿದವರನ್ನು ನಾನೇ ಸಮಾಧಾನಪಡಿಸಬೇಕಿತ್ತು. ಸಿಟ್ಟು ಮಾಡಿಕೊಂಡರೆ ನಾನು ಒಳ್ಳೆಯತನ ಅರಿಯದವಳು, ಓದಿದ ಅಹಂಕಾರದವಳು. ಅಣ್ಣ ಕಚೇರಿಯಲ್ಲಿ, ಕ್ಲಬ್ಬಿನಲ್ಲಿ, ಬಸ್ಸಿನಲ್ಲಿ ಕಥೆ ಹೇಳಿದ. ಊರು ನಕ್ಕಿತು. ಪಿರಿಯಾಪಟ್ಟಣದ ಸಂತೆಯಲ್ಲಿ ಯಾರೋ, "ಸಿದ್ದೇಗೌಡ್ರೆ, ನಮ್ಮನೇಲಿ ಒಂದು ಆರ್ಮೋನಿಯಂ ಅದೆ, ಬೇಯಿಸ್ಕೊಡ್ತೀರಾ?" ಎಂದು ಕೂಗಿದರಂತೆ. ಗೌಡರು ನಮ್ಮ ಮನೆಯ ಕಡೆ ಬರುವುದನ್ನು ನಿಲ್ಲಿಸಿದರು. ನಂಜಯ್ಯ ನನ್ನನ್ನು ಕಂಡರೆ ಸೌದೆಯ ರಾಶಿಯ ಹಿಂದೆ ಸರಿದುಕೊಳ್ಳುತ್ತಿದ್ದ.

ಮೈಸೂರಿನಿಂದ ಬಂದ ರಿಪೇರಿಯವರು ತಂತಿ ಬಿಗಿದು ನೋಡಿದರು. ತಂತಿಯ ಗೂಟಗಳು ನಿಂತಿದ್ದ ಮರವೇ ಒಣಗಿ ಸಡಿಲಾಗಿತ್ತು. ಬೆಳಗ್ಗೆ ಬಿಗಿದದ್ದು ಮಧ್ಯಾಹ್ನಕ್ಕೆ ಇಳಿಯುತ್ತಿತ್ತು. ಅವರು ತಮ್ಮ ಚೀಲ ಕಟ್ಟಿಕೊಂಡು ಹೋದರು. ಮೈಸೂರಿನಲ್ಲಿ ನನಗೆ ಪರಿಚಯವಿದ್ದ ಕಾನ್ವೆಂಟಿನಲ್ಲಿ ಒಳ್ಳೆಯ ಪಿಯಾನೊ ಇತ್ತು. ನವೆಂಬರಿನವರೆಗೆ ರಜೆ ಹಾಕಿ ಅಲ್ಲಿದ್ದು ಅಭ್ಯಾಸ ಮಾಡುತ್ತೇನೆಂದು ಕೇಳಿದೆ.

"ಒಬ್ಬಳೇ, ಹಾಸ್ಟೆಲಿನಲ್ಲಾ?" ಎಂದ ಅಣ್ಣ. "ಮುಂದಿನ ತಿಂಗಳು ಕೆ.ಆರ್. ನಗರದಿಂದ ಗಂಡಿನ ಕಡೆಯವರು ಬರ್ತಿದ್ದಾರೆ. ಇಲ್ಲೇ ಇದೆಯಲ್ಲ ಪಿಯಾನೊ, ಮನೆಗಳು ಎದ್ದಿವೆಯಲ್ಲ. ಬೆರಳಿಗೆ ಅಭ್ಯಾಸ ಆದರೆ ಸಾಲದೇ?"

ಕೆಲಸ ನನ್ನದಿತ್ತು, ಸಂಬಳ ನನ್ನದಿತ್ತು. ಆದರೂ ಹೇಳದೆ ಹೊರಡಬಹುದೆಂದು ಆಗ ನನಗೆ ಹೊಳೆದೇ ಇರಲಿಲ್ಲ. ಹಜಾರಕ್ಕೆ ವಾಪಸು ಬಂದ ಆ ಸತ್ತ ಪೆಟ್ಟಿಗೆಯ ಮೇಲೆ ದಿನವೂ ಅಭ್ಯಾಸ ಮಾಡಿದೆ. ಕೇಳಿಸದಿದ್ದಾಗ ಬೆರಳು ತಾನಾಗಿ ಗಟ್ಟಿಯಾಗಿ ಬೀಳುತ್ತದೆ. ಸ್ವರ ಬರಲಿ ಎಂದು ಗುದ್ದುತ್ತಿದ್ದೆ. ನನ್ನ ಭುಜ ನೋಯುತ್ತಿತ್ತು. ಜಗಲಿಯಲ್ಲಿ ಈಗ ಹೆಂಗಸರು ಕೂರುತ್ತಿರಲಿಲ್ಲ. ತಾಯಮ್ಮ ಒಬ್ಬರೇ ಒಮ್ಮೊಮ್ಮೆ ಬಂದು, ಎಲೆಅಡಿಕೆ ಮುಗಿಯುವವರೆಗೆ ಕೂತು ಎದ್ದುಹೋಗುತ್ತಿದ್ದರು.

ಅಕ್ಟೋಬರಿನ ಒಂದು ಭಾನುವಾರ ಗಂಡಿನ ಕಡೆಯವರು ಬಂದರು. ಹುಡುಗ, ಅವನ ತಂದೆ, ತಾಯಿ. ಹುಡುಗ ಬ್ಯಾಂಕಿನಲ್ಲಿದ್ದ. ಅವನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಉಪ್ಪಿಟ್ಟಿನಲ್ಲಿದ್ದ ಕರಿಬೇವನ್ನು ಎಣಿಸುವವನಂತೆ ಒಂದೊಂದಾಗಿ ಎತ್ತಿ ಪಕ್ಕಕ್ಕಿಡುತ್ತಿದ್ದ. ಅವನ ತಾಯಿ ಎಲ್ಲರೂ ಕೇಳುವುದನ್ನೇ ಕೇಳಿದರು. "ಹಾಡ್ತೀಯೇನಮ್ಮ?"

"ಪಿಯಾನೊ ನುಡಿಸ್ತಾಳೆ," ಎಂದ ಅಣ್ಣ. "ಲಂಡನ್ನಿನ ಪರೀಕ್ಷೆಯೆಲ್ಲ ಪಾಸು ಮಾಡಿದ್ದಾಳೆ. ಸುಮಿ, ಏನಾದ್ರೂ ನುಡಿಸು."

ನಾನು ಅವನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದೆ, "ಅದರಲ್ಲಿ ಸ್ವರವೇ ಇಲ್ಲ, ಅಣ್ಣ."

"ಇವರಿಗೇನು ಗೊತ್ತಾಗತ್ತೆ," ಎಂದ ಅವನೂ ಮೆಲ್ಲಗೆ. "ಎರಡು ನಿಮಿಷ ಏನೋ ಒತ್ತು, ಸಾಕು."

ಹೋಗಿ ಕೂತೆ. ಎರಡು ನಿಮಿಷವಲ್ಲ. ನನ್ನ ಕೃತಿಯನ್ನು ಪೂರ್ತಿ ನುಡಿಸಿದೆ, ನಾಲ್ಕೂ ಭಾಗ, ಒಂದು ಸ್ವರವನ್ನೂ ಬಿಡದೆ. ತಂತಿಗಳು ಕಿರುಚಿದವು, ಹಲಗೆ ಅದುರಿತು, ಮೇಲಿಟ್ಟಿದ್ದ ಹಿತ್ತಾಳೆಯ ಹೂದಾನಿ ಕುಣಿದು ಅಂಚಿಗೆ ಬಂತು, ಅತ್ತಿಗೆ ಓಡಿಬಂದು ಹಿಡಿದುಕೊಂಡರು. ಎರಡನೆಯ ಭಾಗದ ಕೊನೆಗೆ ಅಣ್ಣ ಕೆಮ್ಮಿದ. ಮೂರನೆಯ ಭಾಗದಲ್ಲಿ "ಸಾಕು ಸುಮಿ" ಎಂದ. ಆ ಮೆತ್ತನೆಯ ಸ್ವರವನ್ನು ನಾನು ಮುಷ್ಟಿಯ ಪಕ್ಕದಿಂದ ಹೊಡೆದೆ. ಕಾಫಿ ತಣ್ಣಗಾಯಿತು. ಯಾರೂ ಏಳಲಿಲ್ಲ.

ಮುಗಿದಾಗ ಹುಡುಗನ ತಂದೆ, "ಇದು ಯಾವ ರಾಗಮ್ಮ?" ಎಂದು ಕೇಳಿದರು.

ತಾಯಿ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. "ಎಷ್ಟು ಹೊತ್ತು ಒಂದೇ ಸಮ ಕೂತಳು ನೋಡ್ರೀ. ಒಂದ್ಸಲ ತಲೆ ಎತ್ತಲಿಲ್ಲ. ತಾಳ್ಮೆ ಇರೋ ಹುಡುಗಿ," ಎಂದರು. ಹೊರಡುವಾಗ ತಮಗೆ ಒಪ್ಪಿಗೆ ಎಂದು ಹೇಳಿಯೇ ಹೋದರು.

ಜೀಪಿನವರೆಗೆ ಅವರನ್ನು ಬಿಟ್ಟು ಅಣ್ಣ ಒಳಗೆ ಬಂದವನು ಮೊದಲ ಬಾರಿಗೆ ಜೋರಾಗಿ ನಕ್ಕ. "ನೋಡಿದ್ಯಾ, ಬೆಂದ ಪಿಯಾನೊನೇ ಸಾಕಾಯ್ತು. ಆ ಗೌಡರ ದಡ್ಡತನವೂ ಕೊನೆಗೆ ಒಳ್ಳೆಯದಕ್ಕೇ ಆಯ್ತು."

ತಾಯಮ್ಮ ಜಗಲಿಯಲ್ಲಿದ್ದರು. ಕಂಬ ಹಿಡಿದು ಎದ್ದು ಬಾಗಿಲಿಗೆ ಬಂದರು.

"ಏನಂದ್ರಿ ಸ್ವಾಮಿ?"

"ನಿಮಗಲ್ಲ ತಾಯಮ್ಮ, ತಮಾಷೆಗೆ."

"ಒಂದು ತಿಂಗ್ಳಿಂದ ಊರೆಲ್ಲ ತಮಾಸೇನೇ ಮಾಡ್ತಾ ಅದೆ. ನನ್ನ ಮಗ ಸಂತೆಗೆ ಓಗೋದು ಬುಟ್ಟವ್ನೆ. ನಾನವತ್ತು ಏನಂದೆ? ಈ ಅವ್ವ ಬರ್ಲಿ, ಕೇಳ್ಕಂಡು ಮಾಡೋವ ಅನ್ನಲಿಲ್ವಾ? ಅವ್ಳೇ ಒಪ್ಪವ್ಳೆ, ನನ್ನ ಕೈಲಿ ಯೋಳಿ ಓಗವ್ಳೆ, ಬೆಂಕಿ ಆಕಿ ಅಂತ ನೀವು ತಾನೆ ಅಂದಿದ್ದು? ನಂಜ ಬಿಸಿ ಸಾಕಾ ಅಂದ್ರೆ ಇನ್ನೂ ವಸಿ ಕೊಡು ಅಂದೋರ್ಯಾರು?"

ನಾನು ಅಣ್ಣನನ್ನು ಕೇಳಿದೆ, "ನಾನು ಒಪ್ಪಿದ್ದೀನಿ ಅಂತ ಹೇಳಿದ್ಯಾ?"

ಅವನು ಕುರ್ಚಿಯ ಅಂಚಿನಲ್ಲಿ ಕೂತು ಬೂಟಿನ ದಾರ ಬಿಚ್ಚತೊಡಗಿದ. "ಇಷ್ಟು ಕೆಡುತ್ತೆ ಅಂದ್ಕೊಂಡಿರಲಿಲ್ಲ ಕಣೇ. ಸ್ವಲ್ಪ ಕೆಟ್ಟರೆ ಕೆಡಲಿ ಅಂದ್ಕೊಂಡೆ. ಆಮೇಲೆ ನೀನೇ ಬಿಟ್ಟುಬಿಡ್ತೀಯ, ನಾನು ಬಿಡಿಸಿದ ಹಾಗಾಗಲ್ಲ. ಆ ನವೆಂಬರ್, ಆ ಲಂಡನ್ನು. ಎಲ್ಲ ನಿನ್ನ ಒಳ್ಳೆಯದಕ್ಕೇ."

ಎಷ್ಟು ಸಹಜವಾಗಿ ಹೇಳಿದನೆಂದರೆ, ನಾನು ಒಂದು ಕ್ಷಣ ಒಪ್ಪಿ ತಲೆಯಾಡಿಸುವವಳಿದ್ದೆ. ಅಷ್ಟು ಅಭ್ಯಾಸವಾಗಿತ್ತು. ಆಮೇಲೆ ಹೇಳಿದೆ, "ಕೆ.ಆರ್. ನಗರದವರಿಗೆ ಇಲ್ಲ ಅಂತ ನೀನು ಹೇಳ್ತೀಯೋ, ನಾನು ಹೋಗಿ ಹೇಳಲೋ?"

"ಸಿಟ್ಟಿನಲ್ಲಿ ಮಾತಾಡಬೇಡ."

"ಸಿಟ್ಟಿನಲ್ಲೇ ಮಾತಾಡ್ತಿದ್ದೀನಿ. ಇಷ್ಟು ದಿನ ಆಡಿರಲಿಲ್ಲ."

ತಾಯಮ್ಮ ಇನ್ನೂ ಬಾಗಿಲಲ್ಲೇ ಇದ್ದರು. "ಸುಮ್ಕೆ ಇದ್ದಿದ್ದು ನಿಂದೂ ತಪ್ಪೇ ಕಣವ್ವ," ಎಂದರು ನನಗೆ, ಬಿರುಸಾಗಿಯೇ. "ಅವತ್ತು ಬ್ಯಾರನ್ ತಾವ ನಾಲ್ಕು ಬೈದಿದ್ರೆ ನಿಜ ಅವತ್ತೇ ಈಚೆಗೆ ಬರ್ತಿತ್ತು." ಸೆರಗು ಕೊಡವಿಕೊಂಡು ಹೋದರು.

ಬೆಳಗ್ಗೆ ನಾನು ಪೆಟ್ಟಿಗೆ ತುಂಬುವಾಗ ಅತ್ತಿಗೆ ನನ್ನ ಸ್ವರದ ಹಾಳೆಗಳನ್ನು ತಂದು, ತೇವ ತಗುಲದಿರಲೆಂದು ತಮ್ಮ ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟರು. "ಎಷ್ಟು ದಿನ ಇದೆ ಇನ್ನು?" ಎಂದು ಕೇಳಿದರು. ಮೂರು ವಾರ ಎಂದೆ. "ಹಾಗಾದ್ರೆ ಮೊದಲನೇ ಬಸ್ಸಿಗೇ ಹೋಗು," ಎಂದರು. ಪಿಯಾನೊ ಆಮೇಲೆ ಏನಾಯಿತೆಂದು ನಾನು ಯಾರನ್ನೂ ಕೇಳಿಲ್ಲ.

ಮೈಸೂರಿನ ಕಾನ್ವೆಂಟಿನಲ್ಲಿ ಸಂಗೀತದ ಕೋಣೆ ಸಿಸ್ಟರ್ ರೋಸಮ್ಮನವರ ಸುಪರ್ದಿನಲ್ಲಿತ್ತು. ಕೇರಳದವರು. ಮಕ್ಕಳ ಪಾಠ ಮುಗಿದ ಮೇಲೆ ಪಿಯಾನೊ ನನ್ನದು ಎಂದರು. ಮೊದಲ ದಿನ ನಾನು ನುಡಿಸಿದ್ದನ್ನು ಕೇಳಿ ಬಾಗಿಲಿಗೆ ಬಂದು, "ಮೋಳೇ, ಇದು ಒಳ್ಳೇ ಪಿಯಾನೊ ಆಣು, ಹೊಡೀಬೇಡ," ಎಂದರು. ನನಗೇ ಗೊತ್ತಾಗುತ್ತಿತ್ತು. ಕೈ ಕೇಳುತ್ತಿರಲಿಲ್ಲ. ಸತ್ತ ತಂತಿಯನ್ನು ಎಬ್ಬಿಸಲು ಕಲಿತ ಬೆರಳು ಜೀವಂತ ತಂತಿಯ ಮೇಲೂ ಅಷ್ಟೇ ಭಾರವಾಗಿ ಬೀಳುತ್ತಿತ್ತು. ಮೂರು ವಾರ ಸಾಲಲಿಲ್ಲ.

ಬೆಂಗಳೂರಿನಲ್ಲಿ ಪರೀಕ್ಷಕರು ನನ್ನ ಹಾಳೆಗಳನ್ನು ಮುಂದಿಟ್ಟುಕೊಂಡೇ ಕೇಳಿದರು. ವಯಸ್ಸಾದ ಮನುಷ್ಯ, ಸೌಜನ್ಯದವರು. ಮೂರನೆಯ ಭಾಗ ಮುಗಿದಾಗ ಕೈ ಎತ್ತಿ ನಿಲ್ಲಿಸಿದರು. "ಇಲ್ಲಿ ಅತ್ಯಂತ ಮೆತ್ತಗೆ ಎಂದು ನೀವೇ ಬರೆದಿದ್ದೀರಿ. ಬರೆದವರು ಒಬ್ಬರು, ನುಡಿಸುವವರು ಇನ್ನೊಬ್ಬರು ಅನಿಸುತ್ತದೆ. ಏಕೆ?"

ಬ್ಯಾರನ್ನು, ಸೊಪ್ಪು, ನರ, ಅಣ್ಣ. ಯಾವುದನ್ನು ಇಂಗ್ಲಿಷಿನಲ್ಲಿ ಹೇಳಲಿ? ಹೇಳಿದರೂ ಅವರಿಗೆ ಅದು ತಮಾಷೆಯ ಕಥೆಯಾಗುತ್ತಿತ್ತು. "ಅಭ್ಯಾಸ ಸಾಲದು," ಎಂದೆ. ಆ ವರ್ಷ ಅವಕಾಶ ಮದರಾಸಿನ ಹುಡುಗನೊಬ್ಬನಿಗೆ ಹೋಯಿತು. ಅವನು ಚೆನ್ನಾಗಿಯೇ ನುಡಿಸಿದ.

ಈಗ ಕೆಲವರು ನನ್ನ ವಾದನದಲ್ಲಿ ಒಂದು ಕಸುವಿದೆ, ಅದು ಆ ದಿನಗಳ ಕಷ್ಟದಿಂದ ಬಂದದ್ದಿರಬೇಕು ಎನ್ನುತ್ತಾರೆ. ಅಣ್ಣನೂ ಹಾಗೆ ಹೇಳಿಕೊಂಡು ತಿರುಗುತ್ತಾನೆ. ಕಷ್ಟದಿಂದ ಬಂದದ್ದು ಭುಜದ ನೋವು. ಆ ಮಳೆಗಾಲ ನನಗೆ ಏನನ್ನೂ ಕೊಡಲಿಲ್ಲ. ಇದ್ದದ್ದನ್ನು ತೆಗೆದುಕೊಂಡಿತು, ಅದನ್ನು ವಾಪಸು ಪಡೆಯಲು ಇನ್ನೊಂದು ವರ್ಷವನ್ನು ತೆಗೆದುಕೊಂಡಿತು.

ಆ ವರ್ಷವೆಲ್ಲ ಮೈಸೂರಿನಲ್ಲಿ ಹಗಲು ಶಾಲೆಯಲ್ಲಿ ಪಾಠ ಹೇಳಿ, ಸಂಜೆ ಆ ಕೋಣೆಯಲ್ಲಿ ಕೂತೆ. ಬಹಳ ದಿನ ಬೇರೇನನ್ನೂ ನುಡಿಸಲಿಲ್ಲ. ಎಡಗೈಯ ಆ ಒಂದು ಕೆಳಸ್ವರ. ಒತ್ತುವುದು, ಕೇಳುವುದು, ಇನ್ನೂ ಜೋರಾಯಿತೆಂದು ಬಿಡುವುದು. ಅಣ್ಣನ ಮುಖ ನೆನಪಾದರೆ ಸ್ವರ ಕೆಡುತ್ತಿತ್ತು. ಆಗ ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ ಮತ್ತೆ ಬಂದು ಕೂರುತ್ತಿದ್ದೆ. ಚಳಿಗಾಲ ಹೋಯಿತು, ಬೇಸಿಗೆ ಹೋಯಿತು. ಸಿಟ್ಟು ಹೋಗಲಿಲ್ಲ, ಅದು ಹೋಗಲೆಂದು ನಾನು ಕಾಯಲೂ ಇಲ್ಲ. ಅದನ್ನು ಕೈಯಿಂದ ಮಾತ್ರ ಇಳಿಸಬೇಕಿತ್ತು.

ಜೂನ್ ಕೊನೆಯ ಒಂದು ಸಂಜೆ ಹೊರಗೆ ಮಳೆ ಹಿಡಿದಿತ್ತು. ಮೂರನೆಯ ಭಾಗವನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದೆ. ಕೊನೆಯ ಸ್ವರ ಬಿಟ್ಟು ಕೈ ಎತ್ತುವ ಹೊತ್ತಿಗೆ ಸಿಸ್ಟರ್ ರೋಸಮ್ಮ ಬೀಗದ ಕೈ ಗೊಂಚಲು ಹಿಡಿದುಕೊಂಡು ಒಳಗೆ ಬಂದು, ನನ್ನನ್ನು ಕಂಡು ಬೆಚ್ಚಿ ನಿಂತರು.

"ನೀ ಇಲ್ಲೇ ಇದ್ದೀಯಾ? ಪಕ್ಕದ ರೂಮಲ್ಲೇ ಇದ್ದೆ ನಾನು. ಸದ್ದೇ ಇಲ್ಲ, ಹೋಗಿಬಿಟ್ಟೆ ಅಂತ ಬಾಗಿಲು ಹಾಕೋಕೆ ಬಂದೆ."

"ನುಡಿಸ್ತಾ ಇದ್ದೆ ಸಿಸ್ಟರ್," ಎಂದೆ. "ಕೂತ್ಕೊಳ್ಳಿ. ಇನ್ನೊಂದು ಸಲ ನುಡಿಸ್ತೀನಿ, ಇಲ್ಲೇ ಹತ್ತಿರದಿಂದ ಕೇಳಿ."